ಬಾಣಂತನಕ್ಕೆ ಬರಬೇಡ

ಸವಳಂಗ ರಸ್ತೆ, ಶಿವಮೊಗ್ಗ
ಗುರುವಾರ, ೬ ಫೆಬ್ರವರಿ ೧೯೪೭

ಸುಭದ್ರೆ, ಮಗಳೇ,

ಹೇಳಬೇಕಾದ ಮಾತೊಂದನ್ನು ಬಿಟ್ಟೇ ಈ ಕಾಗದ ಮುಗಿಸುವವಳಿದ್ದೆ. ಹಸಿರು ಸೀರೆ, ಬಳೆ, ಬೆಂಗಳೂರಿನ ಚಳಿ ಎಂದು ಒಂದು ಹಾಳೆ ತುಂಬಿಸಿಯೂ ಆಗಿತ್ತು. ಅದನ್ನು ಒಲೆಗೆ ಹಾಕಿ ಮತ್ತೆ ಕೂತಿದ್ದೇನೆ. ಮಾತು ಇಷ್ಟೇ: ಹೆರಿಗೆಗೆ ನನ್ನ ಮನೆಗೆ ಬರಬೇಡ. ನನಗೆ ಕ್ಷಯವಿದೆ.

ಶ್ವಾಸಕೋಶದಲ್ಲಲ್ಲ, ಗಾಳಿ ಓಡಾಡುವ ಕೊಳವೆಯಲ್ಲಿ. ಎಲ್ಲಿದ್ದರೇನು ಎಂದು ನಿನಗೆ ಅನಿಸಬಹುದು. ಇಷ್ಟು ಕಾಲ ನಾವೆಲ್ಲ ಮೋಸಹೋದದ್ದು ಅದರಿಂದಲೇ. ನಿನ್ನ ಮದುವೆಯ ಮಾತುಕತೆಯ ದಿನ ನಾನು ಕೆಮ್ಮಿದಾಗ ನಿನ್ನ ಅಪ್ಪ ಒಳಗಿನಿಂದ ಎಕ್ಸ್‌ರೇ ಫೋಟೋ ತಂದು ಕಿಟಕಿಗೆ ಹಿಡಿದದ್ದು ನೆನಪಿದೆಯಲ್ಲ? "ನೋಡ್ರಿ ಬೀಗಿತ್ತಿ, ಎಷ್ಟು ಚೊಕ್ಕವಾಗೈತೆ! ಆ ಕಾಯಿಲೆ ಇದ್ರೆ ಮೋಡ ಕಟ್ಟಿದಂಗೆ ಕಾಣುತ್ತಂತೆ" ಎಂದರು. ನಿನ್ನ ಅತ್ತೆ ಉಚ್ಚಂಗಮ್ಮನವರು, "ಅಯ್ಯೋ ಮಾರಾಯ್ರೆ, ಬೀಗಿತ್ತಿ ಪಕ್ಕೆಲುಬು ಎಣಿಸ್ಕೊಂಡು ಯಾರಾದ್ರೂ ಸೊಸೆ ತರ್ತಾರಾ?" ಎಂದು ನಗಿಸಿಬಿಟ್ಟರು. ಫೋಟೋ ಸುಳ್ಳಲ್ಲ. ಕೊಳವೆಯ ಒಳಗೋಡೆ ಅದಕ್ಕೆ ಕಾಣುವುದಿಲ್ಲ, ಅಷ್ಟೆ.

ಕಫದ ಪರೀಕ್ಷೆಯೂ ಆಗಿತ್ತು. ಡಾಕ್ಟರ್ ಹಾಲಸ್ವಾಮಿಯವರು ಸೀಸೆ ಕೊಟ್ಟು, ಎದೆಯಿಂದ ಕೆಮ್ಮಿ ತೆಗೆದು ಕೊಡಿ ಎಂದಿದ್ದರು. ಹೊರಗೆ ಬೆಂಚಿನ ತುಂಬ ಗಂಡಸರು. ನಮ್ಮ ಮನೆಗಳ ಹೆಂಗಸರು ನಾಲ್ಕು ಜನರ ಎದುರು ಕ್ಯಾಕರಿಸುವುದಿಲ್ಲ. ಇಂಗ್ಲಿಷ್ ಶಾಲೆಯಲ್ಲಿ ನಮ್ಮ ಮಿಸ್ಸುಗಳು ಕಲಿಸಿದ್ದೂ ಅದನ್ನೇ, ಜೊತೆಗೊಂದು ಕರವಸ್ತ್ರ ಕೊಟ್ಟು. ಬಂದ ಕಫವನ್ನು ನುಂಗಿಕೊಂಡು ಬರೀ ಬಾಯ ಎಂಜಲನ್ನು ಸೀಸೆಗೆ ಬಿಟ್ಟು ಕೊಟ್ಟೆ. ಏನೂ ಇಲ್ಲ ಎಂದು ಬಂತು. ಮತ್ತೊಮ್ಮೆಯೂ ಹಾಗೆಯೇ ಮಾಡಿದೆ, ಹಾಗೆಯೇ ಬಂತು. ಹಾಗಾದರೆ ದಮ್ಮು ಎಂದಾಯಿತು. ನಿನ್ನನ್ನು ನೋಡಲು ಭದ್ರಾವತಿಗೆ ಬಂದು ಹೋದಮೇಲೆ ಹೆಚ್ಚಾದರೆ ಕಾರ್ಖಾನೆಯ ಹೊಗೆಯನ್ನು ಬೈದೆವು.

ಕಳೆದ ತಿಂಗಳು ಹಾಲಸ್ವಾಮಿಯವರು ನನ್ನ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. "ಸಿಳ್ಳು ಒಂದೇ ಕಡೆ ಕೇಳ್ತಿದೆ ತಾಯಿ. ದಮ್ಮಾಗಿದ್ರೆ ಎರಡೂ ಕಡೆ ಕೇಳ್ಬೇಕಿತ್ತು. ಬೆಂಗಳೂರಿಗೆ ಹೋಗಿ, ಒಳಗೇ ಇಳಿಸಿ ನೋಡ್ತಾರೆ" ಎಂದರು.

ಅದಕ್ಕೆ ಬ್ರಾಂಕೋಸ್ಕೋಪ್ ಎನ್ನುತ್ತಾರೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ಮೊದಲು ಗಂಟಲಿಗೆ ಕಹಿ ಔಷಧಿ ಬಳಿದರು. ಸ್ವಲ್ಪ ಹೊತ್ತಿಗೆ ಅದು ಬೇರೆ ಯಾರದೋ ಗಂಟಲಿನಂತಾಯಿತು. ಮೇಜಿನ ಅಂಚಿನಿಂದ ನನ್ನ ತಲೆ ಹಿಂದಕ್ಕೆ ಜೋತುಬೀಳುವಂತೆ ಮಲಗಿಸಿದರು. ಒಬ್ಬ ನರ್ಸ್ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ತುದಿಯಲ್ಲಿ ಪುಟ್ಟ ದೀಪವಿದ್ದ ಉಕ್ಕಿನ ನಳಿಗೆಯನ್ನು ಬಾಯಿಯಿಂದ ಒಳಗೆ ಇಳಿಸಿ, ಡಾಕ್ಟರು ಒಂದು ಕಣ್ಣು ಮುಚ್ಚಿ ನೋಡುತ್ತ, "ಉಸಿರಾಡಿ, ಉಸಿರಾಡಿ" ಎನ್ನುತ್ತಿದ್ದರು. ಕಣ್ಣೀರು ಕೂದಲೊಳಗೆ ಹರಿಯಿತು. ಅಲ್ಲಾಡುವ ನನ್ನ ಆ ಹಲ್ಲು ಎಲ್ಲಿ ಮುರಿಯುತ್ತದೋ ಎಂಬುದೊಂದೇ ಯೋಚನೆ. ದೇವರ ನೆನಪು ಬರಲಿಲ್ಲ.

ಆಮೇಲೆ ಅವರು ಚಿತ್ರ ಬರೆದು ತೋರಿಸಿದರು. ಎಡಗಡೆಯ ಕವಲಿನಲ್ಲಿ ಹುಣ್ಣು, ಅಲ್ಲಿ ಕೊಳವೆ ಸಣ್ಣಗಾಗಿದೆ. ಅಲ್ಲಿಂದಲೇ ಹೀರಿ ತೆಗೆದ ಕಫದಲ್ಲಿ ರೋಗಾಣು ಸಿಕ್ಕಿತು. ಪರದೇಶದಲ್ಲಿ ಹೊಸ ಇಂಜೆಕ್ಷನ್ ಬಂದಿದೆಯಂತೆ, ಇಲ್ಲಿ ಸಿಗುವಂತಿಲ್ಲ. ನಾನು ಕೇಳಿದ್ದು ಒಂದೇ ಪ್ರಶ್ನೆ: ಮೊಮ್ಮಗು ಬರುತ್ತಿದೆ, ಎತ್ತಿಕೊಳ್ಳಬಹುದೇ? ನೀವಿರುವ ಮನೆಯಲ್ಲೇ ಮಗು ಇರಬಾರದು ಎಂದರು.

ವಾಪಸು ಬರುವಾಗ ರೈಲು ಭದ್ರಾವತಿಯಲ್ಲಿ ನಿಂತಿತು. ನಾವು ಇಳಿಯಲಿಲ್ಲ. ನಿನ್ನ ಅಪ್ಪ ಆಗ ಹೇಳಿದರು. "ಫೋಟೋದಲ್ಲಿಲ್ಲ ಅಂದ್ಮೇಲೆ ಇಲ್ಲ ಅಂತ್ಲೇ ಇಟ್ಕೋ. ಚೊಚ್ಚಲ ಬಾಣಂತನ ತವರಲ್ಲಿ ಮಾಡ್ಲಿಲ್ಲ ಅಂದ್ರೆ ಬೀಗರ ಮುಂದೆ ತಲೆ ಎತ್ತೋಕಾಗುತ್ತಾ? ನೀನು ಹಿಂದಿನ ಕೋಣೇಲಿರು. ನಮ್ಮ ತಂಗಿ ನಂಜಮ್ಮ ಹೊಳಲೂರಿಂದ ಬಂದು ಮಗೀಗೆ ನೀರು ಹಾಕ್ತಾಳೆ." ಅವರನ್ನು ಕೆಟ್ಟವರೆಂದುಕೊಳ್ಳಬೇಡ. ನಳಿಗೆ ಇಳಿಸಿದ ದಿನ ನನ್ನೊಡನೆ ತಾವೂ ಉಪವಾಸವಿದ್ದರು.

ನಾನೂ ಆಗಲಿ ಎಂದೆ. ನಿಜಕ್ಕೂ ಅಂದೆ, ಸುಭದ್ರೆ. ಶಿವಮೊಗ್ಗ ತಲುಪುವಷ್ಟರಲ್ಲಿ ಹಿಂದಿನ ಕೋಣೆಯಲ್ಲಿ ಮಂಚ ಯಾವ ಗೋಡೆಗೆ ಹಾಕುವುದೆಂದೂ ಯೋಚಿಸಿದ್ದೆ. ಮನೆಗೆ ಬಂದು ಆ ಕೋಣೆಯಲ್ಲಿ ನಿಂತರೆ ಗೊತ್ತಾಯಿತು: ಆ ಬಾಗಿಲಿಗೆ ಒಳಗಿನಿಂದ ಚಿಲಕವೇ ಇಲ್ಲ. ಮಗು ಅತ್ತರೆ ನಾನು ಒಳಗೇ ಕೂತಿರುತ್ತೇನೆಯೇ? ನನಗೆ ನನ್ನ ಮೇಲೆ ಅಷ್ಟು ನಂಬಿಕೆಯಿಲ್ಲ.

ಆದ್ದರಿಂದ ಈ ಕಾಗದವನ್ನು ಉಚ್ಚಂಗಮ್ಮನವರಿಗೆ ಓದಿ ಹೇಳು. ಅವರಿಗೆ ಓದು ಬಾರದೆಂದು ಏನನ್ನೂ ಹಾರಿಸಬೇಡ. ಬಾಣಂತನ ನೀವೇ ಮಾಡಬೇಕೆಂದು ಬೀಗಿತ್ತಿ ಕೈಮುಗಿದು ಕೇಳಿಕೊಂಡಿದ್ದಾಳೆ ಎನ್ನು. ಅವರು ಒಂದೆರಡು ಮಾತು ಆಡಬಹುದು. ಆಡಲಿ. ಎದುರಾಡಲು ನನಗೀಗ ಉಸಿರೂ ಇಲ್ಲ, ಮನಸ್ಸೂ ಇಲ್ಲ.

ಇನ್ನೊಂದು ಮಾತು. ದೀಪಾವಳಿಯಲ್ಲಿ ನೀನು ನನ್ನ ಪಕ್ಕದಲ್ಲೇ ಮಲಗಿದ್ದೆ. ಡಾಕ್ಟರಿಗೆ ತೋರಿಸಿಕೋ. ಸೀಸೆ ಕೊಟ್ಟರೆ, ಯಾರಿದ್ದರೂ ಸರಿ, ಎದೆಯಿಂದ ಕೆಮ್ಮಿ ಉಗುಳು.

ನಿನ್ನ ಅಮ್ಮ,
ಜಗದಾಂಬಾ

ಮರೆತದ್ದು: ಭಾನುವಾರ ನಿನ್ನ ಅತ್ತೆಮನೆಯಲ್ಲಿ ನಡೆಯುವ ಕುಬಸದ ಸೀಮಂತಶಾಸ್ತ್ರಕ್ಕೆ ನಾನು ಬರದಿರುವುದು ಜ್ವರದಿಂದ ಎಂದು ಅಪ್ಪ ಹೇಳುತ್ತಾರೆ. ಜ್ವರವಿಲ್ಲ. ಸೀರೆಯನ್ನೂ ಬಳೆಯನ್ನೂ ನಂಜಮ್ಮನೇ ಅಂಗಡಿಯಿಂದ ನೇರ ತರುತ್ತಾಳೆ. ನಾನು ಮುಟ್ಟಿಲ್ಲ, ಮುಂದೆಯೂ ಧೈರ್ಯವಾಗಿ ಉಟ್ಟುಕೋ. ಕುಬಸ ಮುಗಿಸಿ ಬಂದ ಅಪ್ಪ ಅದರ ಮುಂದಿನ ಶುಕ್ರವಾರ, ಹದಿನಾಲ್ಕರಂದು, ನಿನ್ನನ್ನು ಹೆರಿಗೆಗೆ ಕರೆದುಕೊಂಡು ಬರಲು ಮತ್ತೆ ಹೊರಡುತ್ತಾರೆ. ನಾನು ಬರೆದದ್ದು ಅವರಿಗೆ ಗೊತ್ತಿಲ್ಲ. ನೀನು ಬಂದು ಹೊಸ್ತಿಲಲ್ಲಿ ನಿಂತರೆ ನಾನು ಬೇಡವೆನ್ನಲಾರೆ, ಒಳಗೆ ಕರೆದುಬಿಡುತ್ತೇನೆ. ಅದಕ್ಕೇ ನೀನೇ ಬರಬಾರದು. ಕುಬಸದ ದಿನ ನೀನು ಅಳುವುದು ಬೇಡ. ಅದು ಮುಗಿದ ಮರುದಿನ, ಸೋಮವಾರ, ಫೆಬ್ರವರಿ ಹತ್ತರಂದು, ಇದನ್ನು ಅಂಚೆಗೆ ಹಾಕುತ್ತೇನೆ.