ಹನ್ನೆರಡು ಮೂಟೆಯ ಲೆಕ್ಕ

ನವೆಂಬರ್ 3, ಸೋಮವಾರ, ಬೆಳಿಗ್ಗೆ 5.20

ಐದು ಲೆಕ್ಕ. ಎರಡು ಸರಿ, ಮೂರು ತಪ್ಪು. ನಿನ್ನೆಯೂ ಇಷ್ಟೇ. ಕುಕ್ಕರ್ ಮೂರು ಸಲ ಕೂಗುವಷ್ಟರಲ್ಲಿ ಐದು ಮುಗಿಸಬೇಕು ಎಂದು ನಿಯಮ ಮಾಡಿಕೊಂಡಿದ್ದೇನೆ. ನಿಯಮ ಮಾಡುವುದರಲ್ಲಿ ನಾನು ಫಸ್ಟ್ ಕ್ಲಾಸ್.

ಟಿಇಟಿಗೆ ಇನ್ನು ಮೂವತ್ನಾಲ್ಕು ದಿನ. ಇದು ಏಳನೇ ಸಲ. ನೂರೈವತ್ತಕ್ಕೆ ತೊಂಬತ್ತು ಬಂದರೆ ಪಾಸು. ಹಿಂದಿನ ಮೂರು ಸಲ ಬಂದದ್ದು 86, 88, 88. ಕನ್ನಡದಲ್ಲಿ ಗಳಿಸಿದ್ದನ್ನು ಗಣಿತದಲ್ಲಿ ಕಳೆಯುತ್ತೇನೆ. ಅದರಲ್ಲೂ ಭಿನ್ನರಾಶಿ. ಅದರಲ್ಲೂ ವಾಕ್ಯದಲ್ಲಿ ಕೊಡುವ ಲೆಕ್ಕಗಳು. ಆರನೇ ಕ್ಲಾಸಿಗೆ ಹತ್ತು ವರ್ಷದಿಂದ ಗಣಿತ ಹೇಳಿಕೊಡುತ್ತಿರುವವಳೂ ನಾನೇ… ಯಾರಿಗಾದರೂ ಹೇಳಿದರೆ ನಕ್ಕಾರು. ಹೇಳಿಲ್ಲ.

ನವೆಂಬರ್ 5, ಬುಧವಾರ

ಬಿಸಿಯೂಟದ ಹೊತ್ತಿಗೆ ಹೆಡ್ ಮಾಸ್ಟರ್ ಜಯಪ್ರಕಾಶ್ ಸರ್ ಕರೆದರು. ಕೂರಲು ಹೇಳಿದರು. ಕೂರಲು ಹೇಳಿದಾಗಲೇ ಗೊತ್ತಾಯಿತು, ಒಳ್ಳೆಯ ಸುದ್ದಿಯಲ್ಲ.

"ನೋಡೀಮ್ಮ ದೀಪಿಕ, ಮುಂದಿನ ವರ್ಷಕ್ಕೆ ನಿಮ್ ಜಾಗಕ್ಕೆ ಗೆಸ್ಟ್ ಟೀಚರ್ ಮಾಡ್ಕೊಳಿ ಅಂತ ಆಗ್ಲೇ ಮೂರು ಅರ್ಜಿ ಬಂದವೆ. ಮೂರೂ ಟಿಇಟಿ ಆಗಿರೋರು. ನನ್ ಕೈಲಿ ಏನಿಲ್ಲ. ಈ ಸತಿ ನೀವು ಪಾಸ್ ಆಗ್ಲೇಬೇಕು."

"ಆಯ್ತದೆ ಸಾರ್" ಎಂದೆ. ಯಾವ ಧೈರ್ಯದ ಮೇಲೆ ಎಂದೆನೋ.

ಭಯವಾಗುತ್ತಿದೆ. ಈ ಶಾಲೆಯಲ್ಲಿ ನಾನು ಮಿಸ್ಸು. ಗೇಟಿನಿಂದ ಆಚೆ ಬಂದರೆ ಜವರಯ್ಯನ ಸೊಸೆ, ಶಶಿಧರನ ಹೆಂಡತಿ. ಅದೂ ಕೆಟ್ಟದ್ದಲ್ಲ. ಆದರೆ ಅಷ್ಟೇ ಆಗಿ ಉಳಿಯಲು ನನ್ನಿಂದ ಆಗುವುದಿಲ್ಲ.

ನವೆಂಬರ್ 9, ಭಾನುವಾರ

ಗೈಡ್ ಬರೆದವನಿಗೆ ತಲೆ ಕೆಟ್ಟಿರಬೇಕು. ಪುಟ 112, ಏಳನೇ ಲೆಕ್ಕ — ರೈತನೊಬ್ಬ ತಾನು ಬೆಳೆದ ಭತ್ತದಲ್ಲಿ 1/4 ಭಾಗವನ್ನು ಕೂಲಿಯವರಿಗೆ, 1/3 ಭಾಗವನ್ನು ಅಣ್ಣನಿಗೆ ಕೊಟ್ಟರೆ ಉಳಿಯುವ ಭಾಗವೆಷ್ಟು?

ನನಗೆ ಅರ್ಧ ಬರುತ್ತದೆ. ಹನ್ನೆರಡು ಮೂಟೆ ಎಂದು ಇಟ್ಟುಕೊಂಡರೂ ಸರಿ. ಕೂಲಿಗೆ ಮೂರು ಹೋದರೆ ಒಂಬತ್ತು. ಅದರಲ್ಲಿ ಮೂರನೇ ಒಂದು ಭಾಗ ಅಣ್ಣನಿಗೆ, ಅಂದರೆ ಮೂರು. ಉಳಿದದ್ದು ಆರು. ಹನ್ನೆರಡಕ್ಕೆ ಆರು, ಅರ್ಧ. ಗೈಡಿನಲ್ಲಿ 5/12 ಅಂತೆ. ಪ್ರಿಂಟ್ ಮಿಸ್ಟೇಕ್. ಪೆನ್ನಿನಲ್ಲಿ ತಿದ್ದಿದ್ದೇನೆ.

ಎಂಟನೆಯದೂ ಪ್ರಿಂಟ್ ಮಿಸ್ಟೇಕ್. ಹನ್ನೊಂದನೆಯದೂ…

ನವೆಂಬರ್ 16, ಭಾನುವಾರ, ಸಂಜೆ

ಒಲೆ ಹಚ್ಚುವ ಮೊದಲು ಇದನ್ನು ಬರೆದಿಡುತ್ತೇನೆ.

ಇವತ್ತು ನಮ್ಮ ಕಣದಲ್ಲಿ ರಾಶಿ. ಗದ್ದೆಗೆ ಮಷಿನ್ ಇಳಿಯದ ಕಾರಣ ಆಳುಗಳೇ ಕುಯ್ದಿದ್ದರು. ಮಾವ ಪಾಲು ಮಾಡಿಸುತ್ತಿದ್ದರು. ಮೊದಲು ಕುಯ್ದವರ ಪಾಲು ಎತ್ತಿಟ್ಟರು. ಆಮೇಲೆ ಕಾಲುವೆ ನೀರು ಬಿಡುವ ನೀರುಗಂಟಿಯದು. ಉಳಿದ ರಾಶಿಯಲ್ಲಿ ಅರ್ಧ, ನಮ್ಮ ಗದ್ದೆಯನ್ನು ವಾರಕ್ಕೆ, ಅಂದರೆ ಪಾಲಿನ ಕರಾರಿನ ಮೇಲೆ, ಗೇಯುವ ಕೆಂಪರಾಜುವಿಗೆ. ಚಿಕ್ಕಂದಿನಲ್ಲಿ ನನ್ನ ತವರು ದುದ್ದದ ಕಣದಲ್ಲಿ ನೋಡಿದ್ದೂ ಇದನ್ನೇ. ಕಾಫಿ ಹಿಡಿದು ನಿಂತವಳು ಸುಮ್ಮನೆ ಕೇಳಿದೆ.

"ಮಾವ, ಎಲ್ಲಾರ ಪಾಲೂ ಮೊದಲಿನ ಒಟ್ಟು ರಾಶಿ ಲೆಕ್ಕದಲ್ಲೇ ಕೊಟ್ರೆ ಏನಾಯ್ತದೆ?"

"ಒಟ್ಟು ರಾಸಿ ಎಲ್ಲದವ್ವ ಈಗ? ಕುಯ್ದೋರ್ದು ಕುಯ್ದೋರ್ಗೆ ಓಯ್ತು. ಇನ್ನೊಬ್ಬರ ಪಾಲ್ನೂ ಸೇರ್ಸಿ ಅಳಿಯಕಾದದಾ? ಕಣ್ಮುಂದೆ ಇರಾದ್ನಷ್ಟೇ ಅಳೀಬೇಕು."

ಕಾಫಿ ಲೋಟ ಅಲ್ಲೇ ಇಟ್ಟು ಒಳಗೆ ಬಂದೆ. ಗೈಡ್ ತೆಗೆದೆ. ಗೈಡಿನವನ ಅಣ್ಣನಿಗೆ ಹನ್ನೆರಡರಲ್ಲೇ ಮೂರನೇ ಒಂದು, ನಾಲ್ಕು ಮೂಟೆ. ಮೂರೂ ನಾಲ್ಕೂ ಸೇರಿ ಏಳು ಹೋದರೆ ಉಳಿದದ್ದು ಐದು. 5/12. 'ಉಳಿದದ್ದರಲ್ಲಿ' ಎಂದು ಅವನೆಲ್ಲಿ ಹೇಳಿದ್ದ? ನಾನೇ ಸೇರಿಸಿಕೊಂಡು ಓದುತ್ತಿದ್ದೆ. ಆರು ಪರೀಕ್ಷೆಗಳಲ್ಲೂ ಕಣದಲ್ಲಿ ಕೂತೇ ಲೆಕ್ಕ ಮಾಡಿದ್ದೇನೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಪ್ರಿಂಟ್ ಮಿಸ್ಟೇಕಂತೆ.

ನನ್ನದು ಹಾಳಾಗಲಿ. ಹತ್ತು ವರ್ಷದಿಂದ ನಾನು ಹೇಳಿಕೊಟ್ಟ ಮಕ್ಕಳು?

ನವೆಂಬರ್ 17, ಸೋಮವಾರ

ಆರನೇ ಕ್ಲಾಸಿಗೆ ಅದೇ ಲೆಕ್ಕ ಕೊಟ್ಟೆ. ಹತ್ತೊಂಬತ್ತು ಮಕ್ಕಳು. ಹತ್ತೊಂಬತ್ತು ಸ್ಲೇಟಿನಲ್ಲೂ ಅರ್ಧ. ಎಲ್ಲರೂ ನಗುತ್ತಾ ಎತ್ತಿ ತೋರಿಸುತ್ತಿದ್ದಾರೆ, ಮಿಸ್ ಗುಡ್ ಎನ್ನಲಿ ಎಂದು.

ಶೋಭಿತಾಳ ಸ್ಲೇಟಿನ ಮೂಲೆಯಲ್ಲಿ ಅಳಿಸಿದ ಗುರುತು. 5/12 ಇದ್ದ ಹಾಗಿತ್ತು. ಮಕ್ಕಳು ಊಟಕ್ಕೆ ಹೋದ ಮೇಲೆ ಕೇಳಿದೆ.

"ಅದು ಬುಕ್ಕಿನ ಆನ್ಸರ್ ಮಿಸ್."

"ಮತ್ಯಾಕೆ ಅಳಿಸ್ದೆ?"

"ನೀವು ಏಳ್ಕೊಟ್ಟಂಗೆ ಮಾಡುದ್ರೆ ಅರ್ದ ಬತ್ತದೆ. ಅದ್ಕೆ ನಾನು ಎರಡು ತರಾನೂ ಮಾಡ್ತೀನಿ. ಮನೇಲಿ ಬುಕ್ಕಿನಂಗೆ. ಇಲ್ಲಿ ನಿಮ್ಮಂಗೆ."

"ನಂಗ್ಯಾಕೆ ಏಳ್ಲಿಲ್ಲ?"

ಕಾಲಬೆರಳು ನೋಡಿಕೊಂಡೇ, "ನಿಮ್ಗೆ ಬೇಜಾರಾಯ್ತದೆ ಅಂತ ಮಿಸ್" ಎಂದಿತು.

ಹನ್ನೊಂದು ವರ್ಷದ ಮಗು ನನ್ನ ಮಾನ ಕಾಯುತ್ತಿದೆ. ಟಾಯ್ಲೆಟ್ಟಿಗೆ ಹೋಗಿ ಅತ್ತು ಮುಖ ತೊಳೆದು ಬಂದೆ.

ನವೆಂಬರ್ 18

ಬೋರ್ಡಿನ ಮೇಲೆ ಸರಿಯಾದ ರೀತಿಯಲ್ಲಿ ಮಾಡಿದೆ. 'ಇದು ಇನ್ನೊಂದು ವಿಧಾನ, ಇನ್ನು ಮೇಲೆ ಹೀಗೇ ಮಾಡಬೇಕು' ಎಂದೆ. ನಾನು ತಪ್ಪು ಹೇಳಿಕೊಟ್ಟಿದ್ದೆ ಎನ್ನಲಿಲ್ಲ. ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಶೋಭಿತಾ ನನ್ನ ಮುಖ ನೋಡಲೇ ಇಲ್ಲ. ಹೇಡಿ ನಾನು.

ನವೆಂಬರ್ 26, ಬುಧವಾರ

ಈಗ ಬೇರೆ ರೋಗ. 'ಉಳಿದದ್ದರಲ್ಲಿ 1/3' ಎಂದು ಸ್ಪಷ್ಟವಾಗಿ ಕೊಟ್ಟಿದ್ದರೂ ಒಟ್ಟಿನಿಂದಲೇ ಕಳೆಯುತ್ತಿದ್ದೇನೆ. ಐದಕ್ಕೆ ಒಂದು ಸರಿ. ಇದ್ದದ್ದೂ ಹೋಯಿತು.

ನಾಚಿಕೆ ಬಿಟ್ಟೆ. ಊಟದ ಬಿಡುವಿನಲ್ಲಿ ಶೋಭಿತಾಳನ್ನು ಪಕ್ಕಕ್ಕೆ ಕೂರಿಸಿಕೊಂಡು ಮಾಡುತ್ತೇನೆ. "ಮಿಸ್, ಯಾವುದ್ರಲ್ಲಿ ಅಂತ ಮೊದ್ಲು ಕೆಳಗೆ ಗೆರೆ ಹಾಕಳಿ" ಎನ್ನುತ್ತಾಳೆ. ಹಾಕುತ್ತೇನೆ. ಇವತ್ತು ಹೆಡ್ ಮಾಸ್ಟರ್ ಬಾಗಿಲಲ್ಲಿ ನಿಂತು ನೋಡಿ ಹೋದರು.

ಹನ್ನೊಂದು ದಿನ.

ಡಿಸೆಂಬರ್ 4

ಐದಕ್ಕೆ ನಾಲ್ಕು. ನಿದ್ದೆಯಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದೆನಂತೆ. ಶಶಿ ಮಜ್ಜಿಗೆ ಹಾಕಿಕೊಂಡು ಉಂಡ.

ಡಿಸೆಂಬರ್ 7, ಭಾನುವಾರ, ಮಧ್ಯಾಹ್ನ. ಮಂಡ್ಯ ಬಸ್ ಸ್ಟಾಂಡ್

ಮುಗಿಯಿತು. ಗಣಿತ ಪರವಾಗಿಲ್ಲ. ಭಿನ್ನರಾಶಿಯ ಲೆಕ್ಕ ಎರಡಿದ್ದವು. ಒಂದು ಮಾವಿನಹಣ್ಣಿನದು — ಬುಟ್ಟಿಯಲ್ಲಿದ್ದ ಹಣ್ಣಿನಲ್ಲಿ 1/2 ಭಾಗ ಮಾರಿದ, 1/3 ಭಾಗ ಕೊಳೆಯಿತು, 40 ಉಳಿದವು, ಒಟ್ಟು ಎಷ್ಟು? ಕೆಳಗೆ ಗೆರೆ ಹಾಕಿದೆ. 240. ಪಕ್ಕದಲ್ಲೇ ಬಲೆಯ ಹಾಗೆ 120 ಎಂದೂ ಕೊಟ್ಟಿದ್ದರು. ಹಳೆಯ ದೀಪಿಕ ಅದಕ್ಕೇ ಬೀಳುತ್ತಿದ್ದಳು. ಹಿಗ್ಗಿಕೊಂಡೇ ಹೊರಗೆ ಬಂದೆ.

ಗೇಟಿನ ಹತ್ತಿರ ಯಾರೋ ಬಂದು ಕಾಲು ಮುಟ್ಟಿದರು. ಅಮೃತ. ನನ್ನ ಮೊದಲನೇ ವರ್ಷದ ಆರನೇ ಕ್ಲಾಸು. ಎರಡು ಜಡೆ ಹಾಕುತ್ತಿದ್ದ ಹುಡುಗಿ ಈಗ ಡಿಎಡ್ ಮುಗಿಸಿ ಟಿಇಟಿ ಬರೆಯುತ್ತಿದ್ದಾಳೆ.

"ಮಿಸ್, ನಿಮ್ಮನ್ನ ನೋಡೇ ನಾನು ಟೀಚರ್ ಆಗ್ಬೇಕು ಅಂದ್ಕಂಡಿದ್ದು. ಆ ಮಾವಿನಹಣ್ಣಿನ ಲೆಕ್ಕಕ್ಕೆ ಎಲ್ಲಾರೂ ತಲೆ ಕೆಡಿಸ್ಕತಿದ್ರು. ನೀವು ಹನ್ನೆರಡು ಮೂಟೆ ಇಟ್ಕಂಡು ಏಳ್ಕೊಡ್ತಿದ್ರಲ್ಲ, ಅಂಗೇ ಮಾಡ್ದೆ. ಅರ್ಧ ನಿಮಿಷಕ್ಕೆ ಬಂತು. ನೂರಿಪ್ಪತ್ತು."

"ಚೆನ್ನಾಗಿ ಬರ್ದಿದೀಯ ಬುಡು" ಎಂದೆ. ಬಸ್ಸು ಬಂತು ಎಂದು ಸುಳ್ಳು ಹೇಳಿ ಓಡಿಬಂದೆ. ಬಸ್ಸು ಇನ್ನೂ ಬಂದಿಲ್ಲ.

ಡಿಸೆಂಬರ್ 22, ಸೋಮವಾರ

ಕೀ ಆನ್ಸರ್ ಬಿಟ್ಟಿದ್ದಾರೆ. ಮೂರು ಸಲ ಎಣಿಸಿದೆ. 93. ಶಶಿಯ ಕೈಯಲ್ಲೂ ಎಣಿಕೆ ಮಾಡಿಸಿದೆ. 93. ಮಾವ "ಗೆದ್ದೆ ಕಣವ್ವ" ಎಂದರು. ಅತ್ತುಬಿಟ್ಟೆ. ಎಷ್ಟು ಹೊತ್ತೋ. ಏಳು ಸಲದ ಅಳು.

ಐದು ಗಂಟೆಗೆ ಅಮೃತಳ ಫೋನು. ನನ್ನ 93 ಕೇಳಿ ಹಿಗ್ಗಿದಳು. ಅವಳಿಗೆ 89. ಮಳವಳ್ಳಿಯ ಒಂದು ಶಾಲೆಯವರು ಪಾಸಾದರೆ ಜನವರಿಯಿಂದಲೇ ಬಾ ಎಂದಿದ್ದಾರಂತೆ.

"ಮಿಸ್, ಮಾವಿನಹಣ್ಣಿಗೆ ಕೀ ಆನ್ಸರ್ 240 ಅಂತ ತಪ್ಪು ಕೊಟ್ಟವ್ರೆ. ಆಕ್ಷೇಪಣೆ ಹಾಕಕ್ಕೆ ನಾಳೇ ಲಾಸ್ಟು. ಅದು ಹೆಂಗೆ ನೂರಿಪ್ಪತ್ತು ಅಂತ ನಿಮ್ ಕೈಲಿ ಸ್ಟೆಪ್ ಬರೆಸ್ಕಂಡು ಹಾಕ್ತೀನಿ. ಬೆಳಿಗ್ಗೆ ಮನೆಗೇ ಬತ್ತೀನಿ ಮಿಸ್."

ಫೋನಿನಲ್ಲೇ ಹೇಳಬಹುದಿತ್ತು. "ಬಾಮ್ಮ" ಎಂದೆ.

ಡಿಸೆಂಬರ್ 23, ಬೆಳಿಗ್ಗೆ 7.40

ಏನೆಂದು ಹೇಳಲಿ? 'ಅದು ಇನ್ನೊಂದು ವಿಧಾನ' ಎನ್ನಲೇ, ಮತ್ತೆ? ಇವಳೊಬ್ಬಳಲ್ಲ. ಹತ್ತು ಬ್ಯಾಚು. ಎಲ್ಲೆಲ್ಲಿ ಯಾವ ಯಾವ ಪರೀಕ್ಷೆಯಲ್ಲಿ ಕೂತು ನನ್ನನ್ನು ನಂಬಿ ತಪ್ಪು ಉತ್ತರ ಬರೆಯುತ್ತಿದ್ದಾರೋ. ಅವರಿಗೆ ಒಂದೊಂದು ಮಾರ್ಕಿನಲ್ಲಿ ಏನೇನು ಹೋಯಿತೋ. ನನಗೆ ಮಾತ್ರ 93. ಆ ನಂಬರನ್ನು ನೋಡಲೂ ಆಗುತ್ತಿಲ್ಲ.

ಹೇಳುವುದನ್ನು ಬರೆದಿಟ್ಟುಕೊಳ್ಳುತ್ತೇನೆ. ಇಲ್ಲದಿದ್ದರೆ ಮುಖ ನೋಡಿದ ಮೇಲೆ ಮತ್ತೆ ನುಂಗಿಕೊಳ್ಳುತ್ತೇನೆ.

ಅಮೃತ, ಕೂತ್ಕೊ. ಕೀ ಆನ್ಸರ್ ಸರಿಯಾಗಿದೆ. ತಪ್ಪು ನಿಂದಲ್ಲ. ನಿಂಗೆ ಆರನೇ ಕ್ಲಾಸಲ್ಲಿ

ಗೇಟಿನ ಸದ್ದು. ಹೊರಗೆ ಮಾವನ ದನಿ — "ದೀಪಿಕವ್ವ, ನಿನ್ ಸ್ಟೂಡೆಂಟು ಬಂದವ್ಳೆ. ನೀನು ಪಾಸಾದೆ ಅಂತ ಸ್ವೀಟು ತಂದವ್ಳೆ ಕಣಮ್ಮ."

ಡಬ್ಬಿ ಬಿಚ್ಚುವ ಮೊದಲೇ ಹೇಳಿಬಿಡಬೇಕು. ಅವಳು ನನ್ನ ಬಾಯಿಗೆ ಸ್ವೀಟು ಇಡುವ ಮೊದಲು