ಹೋಗಿ ನೋಡದ ಹನ್ನೊಂದು ಬೆಳಗು

ಏಪ್ರಿಲ್ 10, ಬೆಳಿಗ್ಗೆ 6.20
ಹುಲ್ಲಿನ ಮೇಲಿನ ಥರ್ಮಾಮೀಟರ್ 2.3. ಪೆಟ್ಟಿಗೆಯೊಳಗಿನದು 4.9. ಗಾಳಿ ಇಲ್ಲ. ಮೋಡವೂ ಇಲ್ಲ. ಆದರೂ ಆಕಾಶ ಬೂದಿ ಕದಡಿದ ನೀರಿನ ಹಾಗೆ. ರಿಜಿಸ್ಟರಿನಲ್ಲಿ ಮೋಡಕ್ಕೆ ಕಾಲಮ್ ಇದೆ, ಹೊಗೆಗೆ ಇಲ್ಲ. ಮೋಡ ಸೊನ್ನೆ ಎಂದು ಬರೆದೆ.
ಯುದ್ಧ ನಡೆದದ್ದು ಅಕ್ಟೋಬರಿನಲ್ಲಿ, ಬರೀ ಆರು ದಿನ. ಯಾವುವೋ ಎರಡು ದೇಶ, ನಮಗೆ ಸದ್ದೂ ಕೇಳಿಸಲಿಲ್ಲ. ಸುಟ್ಟ ಊರುಗಳ ಹೊಗೆ ಮಳೆಗೂ ಸಿಗದಷ್ಟು ಮೇಲೆ ಹೋಗಿ ಕೂತಿದೆಯಂತೆ, ಇಳಿಯಲು ವರ್ಷಗಳೇ ಬೇಕಂತೆ. ಜನವರಿಯಿಂದ ಧಾನ್ಯದ ಹಡಗು ಬಂದಿಲ್ಲ. ಧಾನ್ಯ ಇರುವ ದೇಶದವರು ಕೊಡುತ್ತಿಲ್ಲ.
ಹೆಂಡತಿ ತೀರಿಹೋಗಿ ನಲವತ್ಮೂರು ದಿನ. ಇವತ್ತೂ ಬಾಗಿಲಿಗೆ ಬೀಗ ಹಾಕದೆ ಬಂದೆ. ಒಳಗೆ ಯಾರಿದ್ದಾರೆಂದು...

ಅದೇ ದಿನ, ಸಂಜೆ
ಅಕ್ಕ ಬಂದಿದ್ದಳು, ಶಾಲೆಯ ಅಡುಗೆ ಮುಗಿಸಿ. ಬೀದಿಯ ಇಪ್ಪತ್ಮೂರು ಮನೆಗಳಿಂದ ಬಿತ್ತನೆಗೆಂದು ಆಲೂಗಡ್ಡೆ ಕೂಡಿಸಿದ್ದಾಳೆ. ಶಾಲೆಯ ಮೈದಾನ ಅಗೆದಾಗಿದೆ.
"ಏನೋ ಹವಾಮಾನ, ಹಿಮ ಮುಗೀತೇನೋ? ಮೇಷ್ಟ್ರು ನೆಡೋಣ ಅಂತಾರೆ. ನಿನ್ನ ಭಾವ ಕಾಯೋಣ ಅಂತಾರೆ. ಅವರಿಗೆ ಕಾಯೋದು ಅಂದ್ರೆ ಮಲಗೋದು. ನೀನು ಹೇಳು."
ಸತತ ಇಪ್ಪತ್ತು ಬೆಳಗು ಎರಡು ಡಿಗ್ರಿಗಿಂತ ಕೆಳಗಿಳಿಯದಿದ್ದರೆ ಹಿಮ ಮುಗಿಯಿತು ಎಂಬುದು ನಮ್ಮ ಹವಾಮಾನ ಕೇಂದ್ರದ ವಾಡಿಕೆ. ರಿಜಿಸ್ಟರ್ ತೆರೆದೆ. ಎಣಿಸಿದೆ. ಸರಿಯಾಗಿ ಇಪ್ಪತ್ತು.
"ಮುಗೀತು ಅಕ್ಕಾ. ನೆಡು."

ಏಪ್ರಿಲ್ 14
ನೆಟ್ಟಾಯಿತು. ಒಂದು ಗಡ್ಡೆ ನಾಲ್ಕು ಗಿಡಕ್ಕೆ ಬರಲಿ ಎಂದು ಕಣ್ಣು ಕಣ್ಣಾಗಿ ಹೆಚ್ಚಿ ನೆಟ್ಟರು. ಬಿಸಿಲು ಮಂಕು ಎಂದು ಆಳಕ್ಕೂ ಹಾಕಲಿಲ್ಲ. ಚಳಿಯಲ್ಲೇ ಎಲ್ಲರ ಕುತ್ತಿಗೆ ಸುಟ್ಟು ಕೆಂಪಾಗಿದೆ. ಮೇಲಿನ ಓಜೋನ್ ತಡೆ ತೆಳ್ಳಗಾಗಿದೆ, ಬಟ್ಟೆ ಸುತ್ತಿಕೊಳ್ಳಿ ಎಂದು ನರ್ಸಮ್ಮ ಬೈದು ಹೋದರು.
ಭಾವ ಹಾರೆ ಊರಿಕೊಂಡು, "ನನ್ನ ಭಾವಮೈದುನ ಹೇಳಿದ ಮೇಲೆ ಹಿಮಕ್ಕೂ ರಜಾ ಮಂಜೂರಾಗಿರುತ್ತೆ ಬಿಡ್ರೋ" ಎಂದರು. ಎಲ್ಲ ನಕ್ಕರು. ನಾನೂ.

ಏಪ್ರಿಲ್ 27, ಬೆಳಿಗ್ಗೆ 6.20
ಮೈನಸ್ 3.2.

ಏಪ್ರಿಲ್ 28
ಮೈನಸ್ 5.

ಏಪ್ರಿಲ್ 29
ಮೈನಸ್ 4.4. ನೆಲ ನಾಲ್ಕು ಬೆರಳು ಆಳ ಕಲ್ಲು.

ಮೇ 2
ಅಕ್ಕ ಕೈಯಿಂದಲೇ ಅಗೆದಳು. ತುಂಡು ಹಿಸುಕಿದರೆ ನೀರು. ಸಾಲು ಸಾಲೂ ಹಾಗೇ. ನೆಡದಿದ್ದರೆ ತಿನ್ನಬಹುದಿತ್ತು.

ಮೇ 3
ಇಲ್ಲಿಯಾದರೂ ಬರೆಯಬೇಕು.
ಬಂದಿದ್ದ ನೆಂಟರೆಲ್ಲ ಮಾರ್ಚ್ 21ಕ್ಕೆ ಹೊರಟುಹೋದರು. 22ರಿಂದ ನಾನು ಏಳಲಿಲ್ಲ. ಹಾಸಿಗೆಯಿಂದ ಥರ್ಮಾಮೀಟರಿಗೆ ಅರವತ್ತು ಹೆಜ್ಜೆ. ಹೋಗಲಿಲ್ಲ. ಕಳೆದ ವರ್ಷದ ರಿಜಿಸ್ಟರ್ ತೊಡೆಯ ಮೇಲಿಟ್ಟುಕೊಂಡು, ಅದರ ಅಂಕಿಗಳನ್ನೇ ಅರ್ಧ ಡಿಗ್ರಿ ಹೆಚ್ಚು ಕಡಿಮೆ ಮಾಡಿ ಇಳಿಸಿದೆ. ಹನ್ನೊಂದು ಬೆಳಗು. ಅಕ್ಷರ ಬಲು ಚೆನ್ನಾಗಿದೆ, ಒಂದು ಚಿತ್ತೂ ಇಲ್ಲ.
ಕಳೆದ ವರ್ಷ ಯುದ್ಧ ಇರಲಿಲ್ಲ. ಹೊಗೆ ಇರಲಿಲ್ಲ. ಅವಳೂ ಇದ್ದಳು.
ಅಕ್ಕ ಕೇಳಿದಾಗ ಆ ಹನ್ನೊಂದನ್ನೂ ಸೇರಿಸಿ ಎಣಿಸಿದೆ. ಸುಳ್ಳು ಬರೆದವನೇ ಅದನ್ನು ಓದಿ ನಂಬಿದೆ. ಒಂದು ದಿನವಂತೂ ಕಿಟಕಿಯ ಗಾಜೆಲ್ಲ ಬೆಳ್ಳಗೆ ಹೆಪ್ಪುಗಟ್ಟಿತ್ತು. ನೋಡಿದ್ದೆ. ನೋಡಿ ಮಗ್ಗುಲು ಬದಲಿಸಿದ್ದೆ.

ಮೇ 8
ಮೇಲಿನ ಕಚೇರಿಯ ಸಾಹೇಬರ ಫೋನು. "ಏನ್ರೀ, ಮಾರ್ಚ್ ಕೊನೆಗೆ ಸುತ್ತಮುತ್ತ ಎಲ್ಲಾ ಕೇಂದ್ರದಲ್ಲೂ ಸೊನ್ನೆಗಿಂತ ಕೆಳಗೆ. ನಿಮ್ಮಲ್ಲಿ ಮಾತ್ರ ವಸಂತ! ಥರ್ಮಾಮೀಟರ್ ಕೆಟ್ಟಿರಬೇಕು, ಬೇರೆ ಕಳಿಸ್ತೀನಿ."
"ಹೌದು ಸರ್, ಕೆಟ್ಟಿರಬೇಕು" ಎಂದೆ.
ಬಾಯಿಲ್ಲದ ಗಾಜಿನ ಕೊಳವೆ. ತಪ್ಪನ್ನು ಅದರ ಮೇಲೆ ಹಾಕಿದೆ.

ಮೇ 13
ಅಕ್ಕನ ಕೈಯಿಂದ ಶಾಲೆಯ ಅಡುಗೆಮನೆಯ ಕೀಲಿ ಕಿತ್ತುಕೊಂಡರು. "ಇಪ್ಪತ್ಮೂರು ಮನೆ ಊಟ ಮಣ್ಣುಪಾಲು ಮಾಡಿದೋಳು" ಎಂದು ನಲ್ಲಿಯ ಹತ್ತಿರ ಅವಳಿಗೆ ಕೇಳಿಸುವ ಹಾಗೆ ಆಡಿಕೊಳ್ಳುತ್ತಾರೆ. ಬೀದಿಯ ಕೂಡು ಗಂಜಿಯಲ್ಲಿ ಅವಳ ಮನೆಗೆ ಪಾಲು ಕೊಡಬೇಕೋ ಬೇಡವೋ ಎಂದು 21ಕ್ಕೆ ಸಭೆ.
ನಾನು ನೀರು ಹಿಡಿದುಕೊಂಡು ತಲೆ ತಗ್ಗಿಸಿ ಬಂದೆ.

ಮೇ 20, ಸಂಜೆ
ಅಕ್ಕ ಬಂದಳು. ಬಳೆ ಮೊಣಕೈವರೆಗೆ ಜಾರುತ್ತದೆ. ಬಯ್ಯಲು ಬಂದಳೆಂದುಕೊಂಡೆ.
"ನಾಳೆ ಸಭೆಗೆ ನೀನು ಬರಬೇಡ ಕಣೋ. ನಿನ್ನ ಮೇಲೆ ತಪ್ಪು ನಾನು ಹಾಕಿಲ್ಲ, ಹಾಕೋದೂ ಇಲ್ಲ. ಹೆಂಡತಿ ಕಳಕೊಂಡೋನಿಗೆ ಇದೊಂದು ಯಾಕೆ?"
"ಅಕ್ಕಾ, ಅದು..."
"ಸುಮ್ನಿರು. ನೀನು ಕಣ್ಣಾರೆ ಕಂಡದ್ದನ್ನ ಹೇಳಿದೆ. ಆಕಾಶ ಮಾತು ತಪ್ಪಿದ್ರೆ ನೀನೇನು ಮಾಡ್ತೀಯ?"
ಕಣ್ಣಾರೆ. ಕಣ್ಣಾರೆ ಎಂದಳು.

ಮೇ 21
ಹೋದೆ. ರಿಜಿಸ್ಟರ್ ಒಯ್ದಿದ್ದೆ. ಹನ್ನೊಂದು ಅಂಕಿಗಳನ್ನೂ ಓದಿದೆ, ಎಲ್ಲಿ ಕೂತು ಬರೆದೆನೆಂದೂ ಹೇಳಿದೆ. ಯಾರೂ ಹೊಡೆಯಲು ಕೈ ಎತ್ತಲಿಲ್ಲ. ಮೇಷ್ಟ್ರು, "ಅರವತ್ತು ಹೆಜ್ಜೆನಾ?" ಎಂದು ಮಾತ್ರ ಕೇಳಿದರು. ಹೌದೆಂದೆ. ಕೀಲಿ ಅಕ್ಕನಿಗೆ ವಾಪಸ್ ಕೊಟ್ಟರು, ಗಂಜಿಯ ಪಾಲೂ ಉಳಿಯಿತು. ನಾನು ಹೊರಟಾಗ ಎಲ್ಲರೂ ಸರಿದು ದಾರಿ ಬಿಟ್ಟರು. ಭಾವ ಗೋಡೆ ನೋಡುತ್ತಿದ್ದರು.
ಗೇಟಿನ ಬಳಿ ಅಕ್ಕನಿಗೆ, "ಬೈದುಬಿಡು" ಎಂದೆ.
"ಬೈಯೋಕೂ ಹೊಟ್ಟೆಗೆ ಬಿದ್ದಿರಬೇಕಲ್ಲೋ" ಎಂದಳು. ನಗಲಿಲ್ಲ. ಹೋದಳು.

ಮೇ 22, ಬೆಳಿಗ್ಗೆ 6.20
ಬೇಲಿಯಾಚೆ ಅಕ್ಕ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಮೇಷ್ಟ್ರು ಎಲ್ಲಿಂದಲೋ ಒಂದು ಬುಟ್ಟಿ ಬಿತ್ತನೆ ತರಿಸುತ್ತಾರಂತೆ.
"ಓದು" ಎಂದಳು.
"1.8" ಎಂದೆ. ಸರಿಯಾಗಿಯೇ ಓದಿದ್ದೆ. ಎರಡು ಸಲ ನೋಡಿದ್ದೆ.
ಅಕ್ಕ ಬೇಲಿ ದಾಟಿ ಬಂದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹುಲ್ಲಿನ ಮೇಲೆ ಮೊಣಕಾಲೂರಿ, ಥರ್ಮಾಮೀಟರಿಗೆ ಮುಖ ಹತ್ತಿರ ತಂದು, ತಾನೇ ಓದಿದಳು.