ಅಪ್ಪ ಹಿಂದಿನ ಸೀಟು ಕೂರಿಸಿದ್ದು

ಮನೆ, ವರಾಂಡದ ಮೇಜು
ಮಾರ್ಚ್ ೧೪, ಭಾನುವಾರ ಸಂಜೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮೊದಲು ಕೆಮ್ಮಿನ ವಿಷಯ ಹೇಳು. ಕಳೆದ ಪತ್ರದಲ್ಲಿ "ಕೆಮ್ಮು ಹೋಯಿತು" ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದೀಯ. ನಿನ್ನ ಕೆಮ್ಮು ಅಷ್ಟು ಸಲೀಸಾಗಿ ಹೋಗುವ ಪೈಕಿಯಲ್ಲ. ಹೊರಟೆ ಹೊರಟೆ ಎನ್ನುತ್ತಲೇ ಬಾಗಿಲಲ್ಲಿ ಇನ್ನೊಂದು ತಾಸು ನಿಲ್ಲುವ ನೆಂಟರ ಜಾತಿಯದು. ರಾತ್ರಿ ಕಿಟಕಿ ಮುಚ್ಚಿ ಮಲಗು. ಹೊಸ ಶಾಲೆಯ ಮಕ್ಕಳು ಮಾತು ಕೇಳುತ್ತಾರಾ, ಇಲ್ಲ ಅಲ್ಲಿಯೂ ನನ್ನ ಥರದವರೇ ಸೇರಿಕೊಂಡಿದ್ದಾರಾ? ನಾನು ಚೆನ್ನಾಗಿದ್ದೇನೆ. ಅಮ್ಮನೂ ಚೆನ್ನಾಗಿದ್ದಾಳೆ, ಎಷ್ಟು ಚೆನ್ನಾಗಿದ್ದಾಳೆಂದರೆ ಈಗ ನನ್ನ ಕುರ್ಚಿಯ ಹಿಂದೆ ಕನ್ನಡಕ ಏರಿಸಿಕೊಂಡು ನಿಂತು ಈ ಸಾಲನ್ನು ಓದುತ್ತಿದ್ದಾಳೆ. ಈ ಮನೆಯಿಂದ ಹೊರಡುವ ಪ್ರತಿ ಕಾಗದವೂ ಅವಳ ಕಣ್ಣು ದಾಟಿ, ಅವಳ ಕೈಯಲ್ಲೇ ಅಂಟು ಹಾಕಿಸಿಕೊಂಡು ಹೋಗಬೇಕೆಂಬ ಕಾನೂನು ಇನ್ನೂ ಜಾರಿಯಲ್ಲಿದೆ. ಫೋನಿನಲ್ಲಿ ಮಾತಾಡೋಣವೆಂದರೆ ಅದೂ ಅವಳ ಕೈಯಲ್ಲೇ ಇದೆ.

ನೀನು ಕೇಳಿದ ಪ್ರಶ್ನೆಗೆ ಬರುತ್ತೇನೆ. "ಅಪ್ಪನ ಮರೆವು ಹೇಗಿದೆ? ನಿಜ ಹೇಳು. ಈಗಲೇ ಹೊರಟು ಬರಲಾ, ಕೆಲಸ ಖಾಯಂ ಆದಮೇಲೆ ಬರಲಾ?" ಎಂದು ಬರೆದು, 'ನಿಜ'ದ ಕೆಳಗೆ ಎರಡು ಗೆರೆ ಎಳೆದಿದ್ದೀಯ. ಇದಕ್ಕೆ ಅಮ್ಮನ ಉತ್ತರ ತಯಾರಾಗಿತ್ತು. "ಈಗ ರಜೆ ಹಾಕಿದ್ರೆ ಯಾರು ಖಾಯಂ ಮಾಡ್ತಾರೆ? ವರ್ಷಗಟ್ಟಲೆ ಅಲೆದು ಸಿಕ್ಕಿದ ಕೆಲಸ. ಖಾಯಂ ಆಗ್ಲಿ, ಆಮೇಲೆ ನಿಧಾನವಾಗಿ ಬರ್ಲಿ. ಅಪ್ಪ ಎಲ್ಲಿಗೂ ಓಡಿಹೋಗಲ್ಲ ಅಂತ ಬರಿ." ಬರೆದಿದ್ದೇನೆ. ಓಡಿಹೋಗುವುದಿಲ್ಲ ಎಂಬುದಂತೂ ನಿಜವೇ. ಕಾರಿನ ಕೀಲಿ ಸಕ್ಕರೆ ಡಬ್ಬಿಯ ಹಿಂದೆ ಬಚ್ಚಿಟ್ಟಾಗಿದೆ. ಮರೆವು ವಯಸ್ಸಿಗೆ ತಕ್ಕಷ್ಟಿದೆ ಎಂದೂ ಬರೆಯಬೇಕಂತೆ. ಅದನ್ನೂ ಬರೆದೆ.

ಈಗ ಸಮಾಚಾರ. ಕಾರಿನ ಹಿಂದಿನ ಸೀಟು ಬಿಚ್ಚುವ ಮಹಾಕಾರ್ಯ ಈ ವರ್ಷವೂ ನೆರವೇರಿತು. ಡ್ರೈವಿಂಗ್ ಸ್ಕೂಲಿನ ಮಾಸ್ತರಾಗಿ ಊರಿನ ಅರ್ಧ ಜನಕ್ಕೆ ಕ್ಲಚ್ಚು ಬಿಡುವುದನ್ನು ಕಲಿಸಿದ ಅಪ್ಪ, ಮಿಕ್ಕ ರಿಪೇರಿಗೆಲ್ಲ ಮೆಕ್ಯಾನಿಕ್ಕನ್ನು ಕರೆದರೂ ಇದೊಂದನ್ನು ಮಾತ್ರ ಪರರ ಕೈಗೆ ಕೊಟ್ಟವರಲ್ಲ. ನೆನಪಿದೆಯಲ್ಲ, ವರ್ಷಕ್ಕೊಮ್ಮೆ ಕುಶನ್ನು ಎತ್ತಿ, ಧೂಳು ಗುಡಿಸಿ, ಅಡಿಯಲ್ಲಿ ಸಿಕ್ಕ ಮಾಲನ್ನು ನ್ಯಾಯಾಧೀಶರ ಗತ್ತಿನಲ್ಲಿ ಹಂಚುತ್ತಿದ್ದುದು? ಪೆನ್ಸಿಲ್ ತುಂಡು ನಿನಗೆ, ಗೋಲಿ ನನಗೆ, ಕೂದಲ ಕ್ಲಿಪ್ಪು ಅಮ್ಮನಿಗೆ, ಯಾವನೋ ಶಿಷ್ಯನ ಅಂಗಿಯ ಗುಂಡಿ ಸರ್ಕಾರಕ್ಕೆ. ಸರ್ಕಾರ ಎಂದರೆ ಅಪ್ಪನ ಜೇಬು. ಆಮೇಲೆ ವಾಪಸ್ ಕೂರಿಸುವಾಗ ಇಬ್ಬರೂ ಪಾಠ ಒಪ್ಪಿಸಬೇಕು: "ಮೊದಲು ಬೆಲ್ಟು, ಆಮೇಲೆ ಬೆನ್ನು, ಕಡೆಗೆ ಮಂಡಿ." ಬೆಲ್ಟಿನ ಕೊಂಡಿಗಳನ್ನು ಮೇಲಕ್ಕೆ ಎಳೆದಿಟ್ಟುಕೊಳ್ಳಬೇಕು, ಕುಶನ್ನಿನ ಹಿಂಬದಿಯನ್ನು ಒರಗುವ ಸೀಟಿನ ಅಡಿಗೆ ತೂರಿಸಬೇಕು, ಕೊನೆಗೆ ಮುಂದಿನ ಅಂಚಿನ ಮೇಲೆ ಮಂಡಿಯೂರಿ ಒತ್ತಿದರೆ ತಂತಿಯ ಕೊಕ್ಕೆ ನೆಲದ ತೂತಿಗೆ ಬಿದ್ದು ಟಕ್ ಎನ್ನಬೇಕು. ನಾನು ಪ್ರತಿ ವರ್ಷವೂ ಬೆಲ್ಟು ಮರೆತು, ಕೈಮೇಲೆ ಏಟು ತಿಂದು, "ಇವನು ಸೀಟಲ್ಲ, ಮಂಚಾನೂ ಕೂರಿಸಲ್ಲ" ಎಂಬ ಸರ್ಟಿಫಿಕೇಟು ಪಡೆಯುತ್ತಿದ್ದೆ. ನೀನು ಬಾಗಿಲ ಬಳಿ ನಿಂತು ಕಿಸಕ್ಕೆಂದು ನಗುತ್ತಿದ್ದೆ.

ಈ ಸಲ ಅಪ್ಪ ಯಾರಿಗೂ ಹೇಳದೆ ಒಂದು ಬೆಳಿಗ್ಗೆ ತಾವೇ ಹೋಗಿ, ಬೀಗ ಹಾಕದ ಕಾರಿನ ಸೀಟು ಬಿಚ್ಚಿಬಿಟ್ಟರು. ಬಿಚ್ಚುವುದರಲ್ಲಿ ಎಳ್ಳಷ್ಟೂ ತಪ್ಪಿಲ್ಲ, ನುರಿತ ಕಳ್ಳನ ಕೆಲಸ. ಕುಶನ್ನನ್ನು ಹೊತ್ತು ತಂದು ವರಾಂಡದ ಗೋಡೆಗೆ ಒರಗಿಸಿದರು, ಕೈ ತೊಳೆದುಕೊಂಡರು, ಒಳಗೆ ಹೋಗಿ ಪೇಪರು ಹಿಡಿದರು. ಅಲ್ಲಿಗೆ ಕಾರ್ಯಕ್ರಮ ಮುಗಿಯಿತು. ಮರುದಿನ ಅದನ್ನು ನೋಡಿ, "ಇದು ಯಾರದಪ್ಪಾ ಸೋಫಾ?" ಎಂದರು. ಅದರ ಮರುದಿನವೂ ಕೇಳಿದರು. ವಾರವಿಡೀ ಅದು ವರಾಂಡದಲ್ಲೇ ಇತ್ತು. ಅಮ್ಮ ಅದನ್ನು ನೆಲಕ್ಕೆ ಮಲಗಿಸಿ, ಮೇಲೆ ಕೂತು ತರಕಾರಿ ಹೆಚ್ಚತೊಡಗಿದಳು. ಪಕ್ಕದ ಮನೆಯ ದರ್ಜಿ, ಅದೇ ನೀನು 'ಟೇಪು' ಎಂದು ಹೆಸರಿಟ್ಟಿದ್ದೆಯಲ್ಲ, ಬಂದು ನೋಡಿ, "ಏನ್ ಮಾಸ್ತರೇ, ಕಾಲು ಮುರಿದ ಸೋಫಾನ ಅರ್ಧ ರೇಟಿಗೆ ಹೊಡೆದ್ರಾ?" ಎಂದ. ಅಪ್ಪ ನಗಲಿಲ್ಲ. "ಯಾರೋ ಬಿಟ್ಟುಹೋಗಿದ್ದಾರೆ ಕಣಯ್ಯ. ಕೇಳ್ಕೊಂಡು ಬಂದ್ರೆ ಕೊಟ್ಟುಬಿಡಬೇಕು. ನೀನು ಕೂತ್ಕೋಬೇಡ, ಕೊಳೆ ಆಗುತ್ತೆ" ಎಂದರು. ಟೇಪು ಹೊಟ್ಟೆ ಹಿಡಿದು ನಕ್ಕ. ಅಮ್ಮನೂ ನಕ್ಕಳು. ಅಮ್ಮ ಈಚೆಗೆ ಬಹಳ ನಗುತ್ತಾಳೆ, ಗಮನಿಸು.

ಇವತ್ತು ಬೆಳಿಗ್ಗೆ ಕೂರಿಸಿಬಿಡೋಣ ಎಂದು ನಾನೇ ಅಪ್ಪನನ್ನು ಎಬ್ಬಿಸಿಕೊಂಡು ಹೋದೆ. ನಿನಗೆ ಗೊತ್ತಲ್ಲ, ಆ ಕುಶನ್ನು ಬಾಗಿಲಿಗಿಂತ ಉದ್ದ, ಅಪ್ಪನ ಹಟದಷ್ಟೇ ಭಾರ. ಓರೆ ಮಾಡಿ ತೂರಿಸುವಾಗ ನನ್ನ ತಲೆ ಎರಡು ಸಲ ಕಾರಿನ ಚಾವಣಿಗೆ ಬಡಿಯಿತು. ಒಳಗೆ ಬೆಲ್ಟುಗಳು ನೆಲದ ಮೇಲೆ ಅಂಗಾತ ಮಲಗಿದ್ದವು. ನಾನು ಬೇಕೆಂದೇ ಅವನ್ನು ಮುಟ್ಟಲಿಲ್ಲ. ಕುಶನ್ನನ್ನು ಅವುಗಳ ಮೇಲೆ ಹಿಡಿದು ನಿಂತೆ. ಈ ಬೈಗುಳದಿಂದ ತಪ್ಪಿಸಿಕೊಳ್ಳಲು ಹುಡುಗುತನವನ್ನೆಲ್ಲ ಖರ್ಚು ಮಾಡಿದವನು, ಇವತ್ತು ಅದಕ್ಕಾಗಿ ಬಸ್ಸಿಗೆ ಕಾದ ಹಾಗೆ ಕಾದೆ. ಬೆನ್ನು ಬಗ್ಗಿಸಿ, ಕುತ್ತಿಗೆ ಮುಂದೆ ಚಾಚಿ, ಕೈಯನ್ನೂ ಏಟಿಗೆ ಅನುಕೂಲವಾಗುವಂತೆ ಇಟ್ಟುಕೊಂಡು. ಅಪ್ಪ ಬಗ್ಗಿ ಬೆಲ್ಟುಗಳನ್ನು ನೋಡಿದರು. ಚೆನ್ನಾಗಿಯೇ ನೋಡಿದರು. "ಹೂಂ, ಒತ್ತಿ" ಎಂದರು. ಒತ್ತಿದೆ. ಅವರೂ ಮಂಡಿ ಕೊಟ್ಟರು. ಎರಡೂ ಕಡೆ ಟಕ್ ಎಂದಿತು. ಇಷ್ಟು ನಾಜೂಕಾಗಿ ಆ ಸೀಟು ಎಂದೂ ಕೂತಿರಲಿಲ್ಲ. ಬೆಲ್ಟುಗಳೆಲ್ಲ ಅದರಡಿಯಲ್ಲಿ ಸುಖವಾಗಿ ಸಮಾಧಿಯಾಗಿದ್ದವು.

ಅಷ್ಟರಲ್ಲಿ ಟೇಪು ಬೇಲಿಯಾಚೆಯಿಂದ ಬಗ್ಗಿ ನೋಡಿದ. ಅವನು ಅಪ್ಪನ ಹಳೇ ಶಿಷ್ಯ, ಬೆಲ್ಟಿನ ಉಪದೇಶ ಕೇಳಿ ಕಿವಿ ತೂತಾದವನು. "ಮಾಸ್ತರೇ, ಬೆಲ್ಟು ಎಲ್ಲಿ? ನಮ್ಮನ್ನಾದ್ರೆ ಗಾಡಿಯಿಂದ ಇಳಿಸಿ ನಡೆಸ್ತಿದ್ರಿ!" ಎಂದ. ಅಪ್ಪ ಸೀಟನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಟೇಪುವಿನ ಕಡೆ ತಿರುಗಿ ತುಂಬಾ ಮರ್ಯಾದೆಯಿಂದ, "ಬೇಜಾರು ಮಾಡ್ಕೋಬೇಡಿ. ಹುಡುಗ ಹೊಸಬ. ಇವತ್ತೇ ಸೇರಿದ್ದು" ಎಂದರು. ಟೇಪು ಈ ಸಲ ನಗಲಿಲ್ಲ. ಇಸ್ತ್ರಿ ಪೆಟ್ಟಿಗೆ ಕಾಯೋಕಿಟ್ಟಿದ್ದೀನಿ ಎಂದು ಏನೋ ಹೇಳಿ ಒಳಗೆ ಹೋದ. ಅಮ್ಮ ಮಾತ್ರ ಜೋರಾಗಿ ನಕ್ಕು, ಒಳಗೆ ಹೋಗಿ, ತೊಳೆದಿಟ್ಟಿದ್ದ ಪಾತ್ರೆಗಳನ್ನೆಲ್ಲ ಮತ್ತೊಮ್ಮೆ ತೊಳೆದಳು. ಈ ಸಾಲನ್ನು ಹೊಡೆದುಹಾಕು ಎನ್ನುತ್ತಿದ್ದಾಳೆ. ಹೊಡೆದುಹಾಕಿದರೆ ಕಾಗದ ಗಲೀಜಾಗುತ್ತದೆ ಎಂದು ಬಿಟ್ಟಿದ್ದೇನೆ.

ಮತ್ತೆ ಬಿಚ್ಚಿದೆವು. ಈ ಸಲ ಪಾಠವನ್ನು ನಾನೇ ಗಟ್ಟಿಯಾಗಿ ಒಪ್ಪಿಸಿದೆ. ಮೊದಲು ಬೆಲ್ಟು ಎಂದರೆ ಅಪ್ಪ ಬೆಲ್ಟು ಎಳೆದು ಹಿಡಿದರು, ಬೆನ್ನು ಎಂದರೆ ಹಿಂದಕ್ಕೆ ತೂರಿಸಿದರು. ಮೊದಲ ದಿನ ಸ್ಟೇರಿಂಗು ಹಿಡಿದವರ ಹಾಗೆ ಹಣೆಯಲ್ಲಿ ಬೆವರು, ಮಾತಿಗೊಮ್ಮೆ ತಲೆಯಾಡಿಸುವುದು. ಮುಗಿದ ಮೇಲೆ ಅಂಗಿಗೆ ಕೈ ಒರೆಸಿಕೊಂಡು, "ಚೆನ್ನಾಗಿ ಹೇಳಿಕೊಡ್ತೀರಿ. ಯಾರ ಹತ್ರ ಕಲಿತಿರಿ?" ಎಂದರು. ಒಬ್ಬರು ಮಾಸ್ತರ ಹತ್ತಿರ ಎಂದೆ. "ಬೈತಿದ್ರಾ?" ಸಿಕ್ಕಾಪಟ್ಟೆ ಎಂದೆ. "ಹಾಗಾದ್ರೆ ಒಳ್ಳೇ ಮಾಸ್ತರೇ ಇರಬೇಕು" ಎಂದು ನನ್ನ ಭುಜ ತಟ್ಟಿದರು. ನನ್ನ ಜೀವಮಾನದಲ್ಲಿ ಸೀಟಿನ ವಿಷಯಕ್ಕೆ ಅಪ್ಪನಿಂದ ಸಿಕ್ಕ ಮೊದಲ ಶಹಬ್ಬಾಸ್‌ಗಿರಿ ಇದು. ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತೋಚಲಿಲ್ಲ. ಅವರು ತಮಾಷೆಗೆ ಹಾಗೆ ಅಂದಿದ್ದು ಅಂತ ಸೇರಿಸಬೇಕಂತೆ. ಸೇರಿಸಿದ್ದೇನೆ: ತಮಾಷೆಗೆ ಅಂದಿದ್ದು.

ಇನ್ನು ಅಮ್ಮ ಹೇಳಿ ಬರೆಸಿದ್ದು. ಹೊತ್ತಿಗೆ ಸರಿಯಾಗಿ ಊಟ ಮಾಡು. ಶಾಲೆಯಲ್ಲಿ ಯಾರ ಜೊತೆಗೂ ವಾದಕ್ಕೆ ನಿಲ್ಲಬೇಡ. ಅಪ್ಪನಿಗೆ ಹಸಿವು, ನಿದ್ದೆ ಎಲ್ಲ ಚೆನ್ನಾಗಿದೆ, ಇಲ್ಲಿಯ ಚಿಂತೆ ಇಟ್ಟುಕೊಳ್ಳಬೇಡ. ಕೆಲಸ ಖಾಯಂ ಆದ ಕಾಗದ ಕೈಯಲ್ಲಿ ಹಿಡಿದುಕೊಂಡೇ ಮನೆ ಮೆಟ್ಟಿಲು ಹತ್ತು. ನಿನಗೆ ಅವಳ, ಅಪ್ಪನ ತುಂಬು ಆಶೀರ್ವಾದ. ನನ್ನದು ಬರೀ ಬೇಡಿಕೆ, ಒಂದು ಉದ್ದನೆಯ ಉತ್ತರ.

ನಿನ್ನ,
ಮಂಚಾನೂ ಕೂರಿಸದ ತಮ್ಮ

ತಾ.ಕ.: ಸೋಮವಾರ, ಅಂಚೆ ಕಚೇರಿ. ಅಮ್ಮ ಹಾಕಿದ ಅಂಟನ್ನು ಕಿತ್ತು, ಕೌಂಟರಿಗೆ ಕಟ್ಟಿದ ಪೆನ್ನಿನಲ್ಲಿ ನಿಂತೇ ಬರೆಯುತ್ತಿದ್ದೇನೆ. ನಿನ್ನೆ ಸೀಟು ಕೂರಿಸಿದ ಮೇಲೆ ಅಪ್ಪ ಹಿಂದಿನ ಬಾಗಿಲು ತೆಗೆದು ಒಳಗೆ ಕೂತರು. ಆ ಕಾರಿನಲ್ಲಿ ಅವರು ಹಿಂದೆ ಕೂತಿದ್ದನ್ನು ನೀನಾಗಲಿ ನಾನಾಗಲಿ ಕಂಡಿದ್ದೇವಾ? ನಟ್ಟನಡುವೆ, ಕಾಲು ಮಡಚಿಕೊಂಡು ಕೂತರು. ಸೆಕೆ, ಕಿಟಕಿ ಕಡೆ ಸರಿದು ಕೂತ್ಕೊಳ್ಳಿ ಅಂದೆ. ಪಕ್ಕದ ಜಾಗದ ಮೇಲೆ ಅಂಗೈ ಇಟ್ಟು, "ಇಲ್ಲಿ ನನ್ನ ಮಗಳು ಬರ್ತಾಳೆ. ಅವಳಿಗೆ ಕಿಟಕೀನೇ ಬೇಕು. ಸ್ವಲ್ಪ ತಡೀರಿ ಡ್ರೈವರ್, ಈಗ ಬಂದುಬಿಡ್ತಾಳೆ" ಅಂದರು. ಮಗಳ ಹೆಸರೇನು ಅಂತ ಕೇಳಿದೆ. ತಟ್ಟನೆ ಹೇಳಿದರು. ನನ್ನ ಹೆಸರು ಹೋಗಿ ತಿಂಗಳಾಯಿತು, ಅಕ್ಕಾ. ಅಮ್ಮನನ್ನು ಮೊನ್ನೆಯಿಂದ "ಈ ಮನೆಯವರು" ಅನ್ನುತ್ತಿದ್ದಾರೆ, ಅವಳು ಅದನ್ನು ನಿನಗೆ ಹೇಳುವುದಿಲ್ಲ. ನಿನ್ನದೊಂದು ಉಳಿದಿದೆ. ನಿನ್ನೆ ಇತ್ತು, ಇವತ್ತು ಬೆಳಿಗ್ಗೆಯೂ ಕೇಳಿ ನೋಡಿದೆ, ಇತ್ತು. ನಿನ್ನೆ ಊಟಕ್ಕೆ ಕರೆದರೂ ಅವರು ಕಾರಿನಿಂದ ಇಳಿಯಲಿಲ್ಲ, ಕೈಯನ್ನು ಆ ಜಾಗದಿಂದ ತೆಗೆಯಲೂ ಇಲ್ಲ; ತಟ್ಟೆಯನ್ನು ಅಲ್ಲಿಗೇ ಒಯ್ದು ನಾನೇ ಉಣ್ಣಿಸಿದೆ. ಖಾಯಂ ಮಾಡದಿದ್ದರೆ ಬಿಡಲಿ. ಈ ಕಾಗದ ಸಿಕ್ಕ ದಿನವೇ ಹೊರಡು, ಅವರು ಕೈ ತೆಗೆಯುವುದರೊಳಗೆ ಬಂದು ಕೂತುಕೋ.